ಹಂಗು ಹೊರಿಸದ ನೆರವು: ಬೆಂಗಳೂರಿನಲ್ಲಿ ಕಷ್ಟದಲ್ಲಿರುವ ನೆರೆಯವರಿಗೆ ಕ್ರೈಸ್ತ ಕನಿಕರ ತೋರುವ ಬಗೆ

ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ ಸಮಯದಲ್ಲಿ ನಮ್ಮ ಚರ್ಚಿನ ಸಭೆಯವರು ಹತ್ತಿರದ ಬೀದಿಯ ಮನೆಗಳಿಗೆ ದಿನಸಿ ಚೀಲಗಳನ್ನು ಹಂಚಿದೆವು. ಒಂದೊಂದು ಚೀಲ ಕೊಡುವಾಗಲೂ ಫೋಟೋ ತೆಗೆದೆವು. ಅದುವರೆಗೆ ನನ್ನನ್ನು ಕಂಡಾಗಲೆಲ್ಲ ನಿಂತು ಮಾತನಾಡುತ್ತಿದ್ದ ಒಬ್ಬ ತಾಯಿ, ಆ ವಾರದ ನಂತರ ನಾನು ಎದುರಾದರೆ ತಲೆ ತಗ್ಗಿಸಿ ಪಕ್ಕದ ಕ್ರಾಸಿಗೆ ತಿರುಗತೊಡಗಿದರು. ಅವರ ಮನೆಗೆ ಅಕ್ಕಿ ಬೇಕಾಗಿದ್ದುದು ನಿಜ, ನಾವು ಕೊಟ್ಟ ಅಕ್ಕಿ ಒಳ್ಳೆಯದಾಗಿದ್ದುದೂ ನಿಜ. ಆದರೆ ಅಕ್ಕಿಯ ಜೊತೆಗೆ ನಾವು ಅವರ ತಲೆಯ ಮೇಲೆ ಹಂಗನ್ನೂ ಹೊರಿಸಿದ್ದೆವು. ಈ ಮಾರ್ಗದರ್ಶಿಯನ್ನು ಬರೆಯಲು ಆ ತಾಯಿಯೇ ಕಾರಣ. ಕೊಡುವುದು ಹೇಗೆಂಬುದಕ್ಕಿಂತ, ತೆಗೆದುಕೊಳ್ಳುವವರ ತಲೆ ತಗ್ಗದಂತೆ ಕೊಡುವುದು ಹೇಗೆಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಲು ಯತ್ನಿಸಿದ್ದೇನೆ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದಿದ್ದ ಮನುಷ್ಯನನ್ನು ಕಂಡ ಸಮಾರ್ಯದವನೊಬ್ಬನು (ಯೆಹೂದ್ಯರು ದೂರವಿಡುತ್ತಿದ್ದ ಜನರವನು) ಕನಿಕರಿಸಿದನೆಂದು ಓದುತ್ತೇವೆ. ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದವು ಹೊಟ್ಟೆಯೊಳಗಿನ ಅಂಗಗಳನ್ನು, ಅಂದರೆ ಕರುಳನ್ನು ಸೂಚಿಸುವ ಪದದಿಂದ ಹುಟ್ಟಿದ್ದು. ಬೇರೆ ಭಾಷೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಬಹುದು, ಕನ್ನಡಿಗರಿಗೆ ಬೇಕಾಗಿಲ್ಲ. ಕರುಳು ಚುರುಕ್ಕೆನ್ನುವುದು ಎಂದರೇನೆಂದು ನಮ್ಮ ಅಜ್ಜಿಯರ ಮಾತಿನಿಂದಲೇ ನಮಗೆ ತಿಳಿದಿದೆ.

ಮೊದಲನೆಯ ಹೆಜ್ಜೆ: ಹತ್ತು ಬಾಗಿಲುಗಳನ್ನು ಗುರುತಿಸುವುದು

ಯೇಸು ಹೇಳಿದ ಆ ಸಾಮ್ಯದಲ್ಲಿ, ಅಂದರೆ ದೃಷ್ಟಾಂತದ ಕಥೆಯಲ್ಲಿ, ದೇವಾಲಯದ ಪೂಜಾರಿಯಾದ ಯಾಜಕನೂ ಅಲ್ಲಿನ ಸೇವಕನಾದ ಲೇವಿಯನೂ ಗಾಯಗೊಂಡವನನ್ನು ನೋಡಿದರು, ನೋಡಿಯೇ ಓರೆಯಾಗಿ ಹೋದರು. ನಮ್ಮ ನಗರದಲ್ಲಿ ಎಷ್ಟೋ ವೇಳೆ ನೋಡುವುದೇ ನಡೆಯುವುದಿಲ್ಲ, ಏಕೆಂದರೆ ಬೆಂಗಳೂರಿನ ಕಷ್ಟ ಬೀದಿಗೆ ಬಂದು ಮಲಗುವುದು ಕಡಿಮೆ. ಅದು ಶೀಟಿನ ಮನೆಯ ಒಳಗೆ, ಅಪಾರ್ಟ್‌ಮೆಂಟಿನ ಪಂಪ್ ಕೋಣೆಯ ಪಕ್ಕದಲ್ಲಿ, ಮೂರನೆಯ ಮಹಡಿಯ ಮುಚ್ಚಿದ ಬಾಗಿಲಿನ ಹಿಂದೆ ಇರುತ್ತದೆ. ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಮನೆಯಿಂದ ನಡೆದು ಹೋಗಬಹುದಾದ ಹತ್ತು ಮನೆಗಳನ್ನು ಅಥವಾ ವ್ಯಕ್ತಿಗಳನ್ನು ಬರೆದುಕೊಳ್ಳಿ. ಪ್ರತಿಯೊಬ್ಬರ ಹೆಸರು ನಿಮಗೆ ತಿಳಿದಿರಬೇಕು. ತಿಳಿಯದಿದ್ದರೆ ಮೊದಲ ವಾರದ ಕೆಲಸವೇ ಹೆಸರು ಕೇಳುವುದು.

ಆ ಹತ್ತರಲ್ಲಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದು ಹನ್ನೆರಡು ಗಂಟೆಯ ಪಾಳಿ ಮಾಡುವ ಸೆಕ್ಯೂರಿಟಿಯವರು, ಬೆಳಗಿನ ಜಾವ ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು, ಪೀಣ್ಯ ಅಥವಾ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಮಕ್ಕಳೆಲ್ಲ ಅಮೆರಿಕದಲ್ಲಿರುವ ವೃದ್ಧ ದಂಪತಿ, ಇವರೆಲ್ಲ ಬರಲಿ. ಹಣವಿರುವವರಿಗೆ ಕಷ್ಟವಿಲ್ಲವೆಂದು ಭಾವಿಸಬಾರದು. ಒಬ್ಬಂಟಿಯಾಗಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದ ವೃದ್ಧರಿಗೆ ಬ್ಯಾಂಕಿನಲ್ಲಿರುವ ಠೇವಣಿ ಕೈಕೊಟ್ಟು ಎಬ್ಬಿಸುವುದಿಲ್ಲ. ಗಮನಿಸಬೇಕಾದ ಲಕ್ಷಣಗಳು ಸಣ್ಣವು: ಶಾಲೆಯ ದಿನ ಮಗು ಮನೆಯ ಮುಂದೆ ಕೂತಿರುವುದು, ಬಾಗಿಲಿನ ಮುಂದೆ ಎರಡು ದಿನದ ಹಾಲಿನ ಪಾಕೆಟ್ ಹಾಗೇ ಬಿದ್ದಿರುವುದು, ಮನೆಗೆಲಸದವರು ಎರಡನೆಯ ತಿಂಗಳೂ ಸಂಬಳವನ್ನು ಮುಂಗಡವಾಗಿ ಕೇಳುವುದು, ದಿನವೂ ಬೆಳಗುತ್ತಿದ್ದ ಅಡುಗೆಮನೆಯ ದೀಪ ಸಂಜೆ ಆರಿರುವುದು.

ಎರಡನೆಯ ಹೆಜ್ಜೆ: ಹೊಸ್ತಿಲಿನ ಹೊರಗೆ ನಿಂತು ಕೇಳುವುದು

ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಸಾಲ ಕೊಟ್ಟವನಿಗೆ ಒಂದು ಕಟ್ಟಳೆಯಿದೆ. ಅಡವಿನ ವಸ್ತುವನ್ನು ತೆಗೆದುಕೊಳ್ಳಲು ಅವನು ಸಾಲಗಾರನ ಮನೆಯೊಳಗೆ ಹೋಗಕೂಡದು. ಹೊರಗೇ ನಿಲ್ಲಬೇಕು, ಸಾಲಗಾರನೇ ಅದನ್ನು ಹೊರಗೆ ತಂದುಕೊಡಬೇಕು. ಬಡವನ ಹೊಸ್ತಿಲಿಗೂ ಮರ್ಯಾದೆಯಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಹಾಯ ಮಾಡಲು ಹೋದವರು ಒಳಗೆ ನುಗ್ಗಿ, ಅಕ್ಕಿ ಡಬ್ಬಿಯ ಮುಚ್ಚಳ ತೆರೆದು, ಟಿವಿ ಇದೆಯೇ, ಫ್ರಿಜ್ ಇದೆಯೇ ಎಂದು ಕಣ್ಣಲ್ಲೇ ಲೆಕ್ಕ ಹಾಕುವುದನ್ನು ನಾನು ನೋಡಿದ್ದೇನೆ. ಅವರು ಒಳಗೆ ಕರೆಯುವವರೆಗೆ ಹೋಗಬೇಡಿ, ಕರೆದಾಗ ಚಪ್ಪಲಿ ಹೊರಗೆ ಬಿಟ್ಟು ಹೋಗಿ. ಒಂಟಿಯಾಗಿ ಹೋಗುವುದಕ್ಕಿಂತ ಇಬ್ಬರು ಹೋಗುವುದು ಲೇಸು; ಹೆಂಗಸರೇ ಇರುವ ಮನೆಗೆ ಹೆಂಗಸರು ಹೋಗುವುದು ಒಳ್ಳೆಯದು. 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯ ಸದಸ್ಯರು ಇಂದಿಗೂ ಬಡವರ ಮನೆಗಳಿಗೆ ಇಬ್ಬಿಬ್ಬರಾಗಿಯೇ ಹೋಗುತ್ತಾರೆ. ಫೋಟೋ ತೆಗೆಯುವುದನ್ನಂತೂ ಸಂಪೂರ್ಣವಾಗಿ ಬಿಟ್ಟುಬಿಡಬೇಕು, ಸಭೆಯ ವರದಿಗೆ ಬೇಕೆಂದರೂ ಸರಿಯೆ.

ಇನ್ನು ಮಾತಿನ ವಿಷಯ. "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೇಳಿ ಬರುವುದು ನಮ್ಮೆಲ್ಲರ ಅಭ್ಯಾಸ. ಆದರೆ ಹಾಗೆ ಹೇಳಿದಾಗ ಕೇಳುವ ಭಾರವನ್ನು ಕಷ್ಟದಲ್ಲಿರುವವರ ಮೇಲೆಯೇ ಹಾಕಿದಂತಾಗುತ್ತದೆ, ಅವರು ಎಂದೂ ಕೇಳುವುದಿಲ್ಲ. "ಊಟ ಆಯ್ತಾ?" ಎಂದರೆ ಹಸಿದವರೂ "ಆಯ್ತು" ಎನ್ನುವ ನಾಡು ನಮ್ಮದು. ಅದಕ್ಕೆ ಬದಲಾಗಿ ನಿರ್ದಿಷ್ಟವಾದ, ಬೇಡವೆನ್ನಲು ಸುಲಭವಾದ ಮಾತನ್ನಾಡಿ: "ಅಮ್ಮಾ, ನಾಳೆ ಬೆಳಿಗ್ಗೆ ನನಗೆ ಬಿಡುವಿದೆ, ಆಸ್ಪತ್ರೆಗೆ ನಿಮ್ಮ ಜೊತೆ ಬರಲೇ?" ಅಥವಾ "ಅಣ್ಣಾ, ಸಂಜೆ ಮಗಳನ್ನು ಟ್ಯೂಷನ್‌ನಿಂದ ನಮ್ಮ ಮಗನ ಜೊತೆಯೇ ಕರೆದುಕೊಂಡು ಬರುತ್ತೇನೆ, ಆಗಬಹುದೇ?" ಯೆರಿಕೋವಿನ ಕುರುಡ ಬಾರ್ತಿಮಾಯನು ಕೂಗಿಕೊಂಡು ಬಂದಾಗ, ಅವನಿಗೇನು ಬೇಕೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿದ್ದರೂ ಯೇಸು ಅವನನ್ನು ಕೇಳಿದನು, ನಾನು ನಿನಗೆ ಏನು ಮಾಡಬೇಕೆಂದು. ಉತ್ತರ ಗೊತ್ತಿದೆ ಎಂದುಕೊಂಡಾಗಲೂ ಕೇಳಬೇಕು.

ಮೂರನೆಯ ಹೆಜ್ಜೆ: ಅಡುಗೆಮನೆಯ ಕಷ್ಟ

ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವು, ಹಸಿದವರಿಗೆ ಬೇಕಾದದ್ದನ್ನು ಕೊಡದೆ ಬೆಚ್ಚಗಿರಿ, ತೃಪ್ತರಾಗಿರಿ ಎಂದು ಹರಸಿ ಕಳುಹಿಸುವವರನ್ನು ನೇರವಾಗಿ ಪ್ರಶ್ನಿಸುತ್ತದೆ. ಹಸಿವಿಗೆ ಮೊದಲು ಊಟ, ಪ್ರಾರ್ಥನೆ ಜೊತೆಯಲ್ಲಿ. ಆದರೆ ಯಾವ ಊಟ ಎಂಬುದನ್ನು ಯೋಚಿಸಬೇಕು. ಒಲೆಯಿಲ್ಲದೆ ಕೋಣೆಯಲ್ಲಿ ಮಲಗುವ ಕೂಲಿಯವರಿಗೆ ಹತ್ತು ಕಿಲೋ ಅಕ್ಕಿ ಕೊಟ್ಟರೆ ಅದು ಹೊರೆ. ಅವರಿಗೆ ಹತ್ತಿರದ ಇಂದಿರಾ ಕ್ಯಾಂಟೀನ್ ತೋರಿಸಿಕೊಡುವುದೇ ಹೆಚ್ಚಿನ ಉಪಕಾರ. 2017ರಲ್ಲಿ ಆರಂಭವಾದ ಈ ಕ್ಯಾಂಟೀನುಗಳಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರ ನಿಗದಿಯಾಯಿತು. ಯಾರ ಹಂಗೂ ಇಲ್ಲದೆ ತಮ್ಮ ದುಡ್ಡಿನಲ್ಲೇ ತಿನ್ನಬಹುದಾದ ಜಾಗ ಅದು. ಒಲೆಯಿದ್ದು ಗ್ಯಾಸ್ ಮುಗಿದಿದ್ದರೆ ಸಿಲಿಂಡರ್ ತುಂಬಿಸಿಕೊಡುವುದು ದಿನಸಿಗಿಂತ ಮುಖ್ಯ.

ದಿನಸಿಯೇ ಬೇಕಾದಲ್ಲಿ, ಚೀಲ ಕಟ್ಟಿಕೊಂಡು ಹೋಗುವುದಕ್ಕಿಂತ ಅವರು ಪ್ರತಿದಿನ ಹೋಗುವ ಅಂಗಡಿಯಲ್ಲಿ ಅವರ ಹೆಸರಿನಲ್ಲಿ ಹಣ ಕಟ್ಟಿಬಿಡಿ. ರಾಯಚೂರಿನ ಕಡೆಯವರು ಜೋಳದ ಹಿಟ್ಟು ಕೊಳ್ಳುತ್ತಾರೆ, ಮಂಡ್ಯದ ಕಡೆಯವರು ರಾಗಿ ಹಿಟ್ಟು ಕೊಳ್ಳುತ್ತಾರೆ, ಹೆಣ್ಣುಮಕ್ಕಳು ನಿಮ್ಮೆದುರು ಕೇಳಲಾಗದ ಸ್ಯಾನಿಟರಿ ಪ್ಯಾಡನ್ನೂ ಕೊಳ್ಳುತ್ತಾರೆ. ಆರಿಸಿಕೊಳ್ಳುವ ಅವಕಾಶ ಅವರದಾಗಿರುತ್ತದೆ. ಬೈಬಲಿನ ರೂತಳ ಕಥೆಯಲ್ಲಿ ಹೊಲದ ಒಡೆಯನಾದ ಬೋವಜನು, ಹಕ್ಕಲು ತೆನೆ ಆಯಲು ಬಂದ ಬಡ ವಿಧವೆ ರೂತಳಿಗೆ ಜವೆಗೋಧಿಯ ಹೊರೆಯನ್ನು ಮೊದಲ ದಿನವೇ ಎತ್ತಿಕೊಡಬಹುದಾಗಿತ್ತು. ಆದರೆ ಅವನು ಕೊಯ್ಯುವವರಿಗೆ, ಅವಳಿಗೋಸ್ಕರ ಸಿವುಡುಗಳಿಂದ ತೆನೆಗಳನ್ನು ಉದುರಿಸಿಬಿಡಿ, ಅವಳನ್ನು ಗದರಿಸಬೇಡಿ ಎಂದು ಗುಟ್ಟಾಗಿ ಹೇಳಿದನು. ಅವಳು ಸಂಜೆ ಮನೆಗೆ ಹೊತ್ತುಕೊಂಡು ಹೋದದ್ದು ತಾನೇ ಆಯ್ದು ಬಡಿದ ಧಾನ್ಯ.

ನಾಲ್ಕನೆಯ ಹೆಜ್ಜೆ: ಆಸ್ಪತ್ರೆಯ ಸರದಿ

ಬೆಂಗಳೂರಿನಲ್ಲಿ ಯೆರಿಕೋವಿನ ದಾರಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಎರಡು ಜಾಗಗಳನ್ನು ತೋರಿಸುತ್ತೇನೆ. ಒಂದು, ಸಿಟಿ ಮಾರುಕಟ್ಟೆಯ ಬಳಿ ವಿಕ್ಟೋರಿಯಾ, ವಾಣಿ ವಿಲಾಸ, ಮಿಂಟೋ ಆಸ್ಪತ್ರೆಗಳಿರುವ ಪ್ರದೇಶ. ಇನ್ನೊಂದು, ಹೊಸೂರು ರಸ್ತೆಯ ಕಡೆ ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಹತ್ತಿರ ಹತ್ತಿರ ನಿಂತಿರುವ ಜಾಗ. ಕಲಬುರಗಿ, ಬಳ್ಳಾರಿ, ಚಾಮರಾಜನಗರಗಳಿಂದ ರೋಗಿಯನ್ನು ಕರೆತಂದವರು ಇಲ್ಲಿ ದಿನಗಟ್ಟಲೆ ಕಾಯುತ್ತಾರೆ. ಅವರಿಗೆ ಬೇಕಾಗಿರುವುದು ಬಹುಪಾಲು ಸಣ್ಣ ಸಂಗತಿಗಳು: ಬಿಸಿನೀರು, ಮೊಬೈಲ್ ಚಾರ್ಜು, ಸ್ನಾನಕ್ಕೊಂದು ಜಾಗ, ಸರದಿಯಲ್ಲಿ ಒಂದು ಗಂಟೆ ನಿಲ್ಲಬಲ್ಲ ಇನ್ನೊಬ್ಬ ಮನುಷ್ಯ, ಯಾವ ಕೌಂಟರಿಗೆ ಯಾವ ಚೀಟಿ ಎಂದು ಹೇಳಬಲ್ಲ ಒಂದು ಬಾಯಿ. ನಮ್ಮ ಸಭೆಯ ನಿವೃತ್ತ ಶಿಕ್ಷಕಿಯೊಬ್ಬರು ವಾರಕ್ಕೊಂದು ದಿನ ಹೋಗಿ ಅರ್ಜಿ ಬರೆದುಕೊಡುವ ಕೆಲಸವನ್ನು ಮಾತ್ರ ಮಾಡುತ್ತಾರೆ. ಅದಕ್ಕೆ ಅವರಿಗೆ ತಗಲುವ ಖರ್ಚು ಒಂದು ಪೆನ್ನಿನದು.

ನಿಮ್ಮ ನೆರೆಯವರೇ ರೋಗಿಯಾಗಿದ್ದರೆ ಮೊದಲು ಮಾಡಬೇಕಾದದ್ದು ಅವರ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಒಂದು ಫೈಲಿನಲ್ಲಿ ಇಡುವುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ಪಡೆದು ಮುಂದಿನ ಆಸ್ಪತ್ರೆಗೆ ಹೋಗಬೇಕು. ಈ ಕ್ರಮ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ, ಬಿಲ್ಲು ಬೆಳೆದ ಮೇಲೆ ಒಡವೆ ಅಡವಿಡುವ ಕುಟುಂಬಗಳಿಗೆ, ಸಭೆಯು ಕೊಡಬಹುದಾದ ಯಾವ ಕಾಣಿಕೆಗಿಂತಲೂ ಮೊದಲ ದಿನ ಸಿಗುವ ಈ ತಿಳಿವಳಿಕೆ ದೊಡ್ಡದು. ರಕ್ತ ಬೇಕಾದಾಗ ಕೊಡಲು ನಿಮ್ಮ ಹತ್ತಿರದವರ ರಕ್ತದ ಗುಂಪುಗಳ ಪಟ್ಟಿ ಇರಲಿ. ಆರೋಗ್ಯವಂತ ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ರಕ್ತ ಕೊಡಬಹುದು.

ರಸ್ತೆಯಲ್ಲಿ ಅಪಘಾತವಾದವರನ್ನು ಕಂಡರೆ ನಿಲ್ಲಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಸೇರಿಸಿ. ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಹಳೆಯದು. ನೆರವಿಗೆ ಬಂದವರನ್ನು ರಕ್ಷಿಸಲು ಕರ್ನಾಟಕವು 2016ರಲ್ಲಿಯೇ ಪ್ರತ್ಯೇಕ ಕಾನೂನನ್ನು ರೂಪಿಸಿತು, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಇಡೀ ದೇಶಕ್ಕೆ ಆ ರಕ್ಷಣೆಯನ್ನು ವಿಸ್ತರಿಸಿತು. ಸದುದ್ದೇಶದಿಂದ ನೆರವಾದವರು ತಮ್ಮ ಹೆಸರು, ವಿಳಾಸಗಳನ್ನು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಈ ಕಾನೂನುಗಳು ಅಂಥವರನ್ನು ಕರೆಯುವ ಹೆಸರು 'ಗುಡ್ ಸಮಾರಿಟನ್'. ಲೂಕನ ಸುವಾರ್ತೆಯಿಂದ ಹೊರಟ ಹೆಸರು ನಮ್ಮ ರಾಜ್ಯದ ಕಾಯ್ದೆಯ ಪುಸ್ತಕಕ್ಕೆ ಬಂದು ಸೇರಿದೆ. ಆ ಹೆಸರನ್ನು ಬಾಲ್ಯದಿಂದ ಬಲ್ಲ ನಾವೇ ಗಾಡಿ ನಿಲ್ಲಿಸದೆ ಮುಂದೆ ಹೋದರೆ ಅದಕ್ಕಿಂತ ನೋವಿನ ಸಂಗತಿಯಿಲ್ಲ.

ಐದನೆಯ ಹೆಜ್ಜೆ: ಹಣ ಮತ್ತು ಸಾಲ

ಸಮಾರ್ಯದವನು ಗಾಯಾಳುವನ್ನು ಒಂದು ಛತ್ರಕ್ಕೆ ಸೇರಿಸಿ, ಛತ್ರದವನ ಕೈಗೆ ಎರಡು ದೀನಾರಿ ಕೊಟ್ಟನು. ಮತ್ತಾಯನ ಸುವಾರ್ತೆಯ ದ್ರಾಕ್ಷೇತೋಟದ ಸಾಮ್ಯದಲ್ಲಿ ಒಂದು ದೀನಾರಿ ಒಂದು ದಿನದ ಕೂಲಿ. ಅಂದರೆ ಅವನು ಕೊಟ್ಟದ್ದು ಎರಡು ದಿನದ ದುಡಿಮೆ, ಅದನ್ನೂ ಗಾಯಾಳುವಿನ ಕೈಗೆ ಕೊಡಲಿಲ್ಲ, ಆರೈಕೆ ಮಾಡುವವನಿಗೆ ಕೊಟ್ಟನು. ನಾನು ಇದನ್ನು ಅಳತೆಯಾಗಿಯೇ ಇಟ್ಟುಕೊಂಡಿದ್ದೇನೆ. ತಿಂಗಳಿಗೆ ನಿಮ್ಮ ಎರಡು ದಿನದ ಸಂಬಳವನ್ನು ನೆರೆಯವರ ಪಾಲೆಂದು ಬೇರೆ ತೆಗೆದಿಡಿ. ಶಾಲೆಯ ಶುಲ್ಕವನ್ನು ಶಾಲೆಗೇ, ಔಷಧಿಯ ಬಿಲ್ಲನ್ನು ಅಂಗಡಿಗೇ, ಬಾಕಿಯಿರುವ ಬಾಡಿಗೆಯನ್ನು ಮನೆಯ ಮಾಲೀಕರಿಗೇ ಕಟ್ಟಿ ರಸೀದಿಯನ್ನು ಆ ಕುಟುಂಬಕ್ಕೆ ಕೊಡಿ. ಕುಡಿತದ ತೊಂದರೆಯಿರುವ ಮನೆಯಲ್ಲಿ ಈ ಕ್ರಮ ಹೆಂಡತಿ ಮಕ್ಕಳನ್ನೂ ಕಾಪಾಡುತ್ತದೆ.

ನೆರೆಯವರಿಗೆ ಸಾಲ ಕೊಡಬೇಡಿ ಎಂಬುದು ನನ್ನ ದೃಢವಾದ ಸಲಹೆ. ಕೊಡುವುದಾದರೆ ಮರಳಿ ಬರುವುದಿಲ್ಲವೆಂದುಕೊಂಡೇ ಕೊಡಿ, ಅಷ್ಟು ಕೊಡಲಾಗದಿದ್ದರೆ ಕೊಡಬಲ್ಲಷ್ಟನ್ನು ದಾನವಾಗಿ ಕೊಡಿ. ಸಾಲಗಾರನು ನಿಮ್ಮ ಮನೆಯ ಮುಂದೆ ಹಾದು ಹೋಗಲು ಅಂಜುತ್ತಾನೆ, ನೀವು ಅವನ ಹೊಸ ಅಂಗಿಯನ್ನು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಇಬ್ಬರೂ ನೆರೆಯವರಾಗಿ ಉಳಿಯುವುದಿಲ್ಲ. ಮೀಟರ್ ಬಡ್ಡಿಗೆ ಸಿಕ್ಕಿಕೊಂಡವರಿಗೆ ಹಣಕ್ಕಿಂತ ಮೊದಲು ಧೈರ್ಯ ಬೇಕು. ಕಿರುಸಾಲದ ವಸೂಲಿಯಲ್ಲಿ ಬಲವಂತ, ಬೆದರಿಕೆಗಳನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನು ತಂದಿತು. ಮನೆಯ ಮುಂದೆ ಬಂದು ಕೂಗಾಡುವವರ ವಿರುದ್ಧ ದೂರು ಕೊಡಬಹುದೆಂದು ತಿಳಿಸಿ, ಠಾಣೆಗೆ ಹೋಗುವಾಗ ಪಕ್ಕದಲ್ಲಿ ಕೂತುಕೊಳ್ಳಿ.

ಆರನೆಯ ಹೆಜ್ಜೆ: ಕಾಗದಪತ್ರ

ಒಂದು ಭಾನುವಾರ ಮಧ್ಯಾಹ್ನವನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ಪಡಿತರ ಚೀಟಿ, ಗೃಹಲಕ್ಷ್ಮಿ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡು, ಇವುಗಳಲ್ಲಿ ಯಾವುದು ಬರಬೇಕಿತ್ತು, ಯಾವುದು ನಿಂತಿದೆ ಎಂದು ಜೊತೆಗೆ ಕೂತು ನೋಡಿ. ಹೊರರಾಜ್ಯದಿಂದ ಬಂದ ಸೆಕ್ಯೂರಿಟಿಯವರು ತಮ್ಮ ಊರಿನ ಪಡಿತರ ಚೀಟಿಯಿಂದಲೇ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಸರ್ಕಾರದಿಂದ ಹಕ್ಕಾಗಿ ಬರುವುದಕ್ಕೆ ಹಂಗಿಲ್ಲ, ಆದ್ದರಿಂದ ನಿಮ್ಮ ಜೇಬಿಗೆ ಕೈ ಹಾಕುವ ಮುನ್ನ ಇದನ್ನು ನೋಡಿ.

ಏಳನೆಯ ಹೆಜ್ಜೆ: ದುಃಖ, ಒಂಟಿತನ ಮತ್ತು ಹಿಂಸೆ

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಬೈಬಲಿನ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತನ್ನೂ ಆಡಲಿಲ್ಲ. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಸಾವಾದ ಮನೆಗೆ ಅನ್ನ, ಸಾರು, ಒಂದು ಫ್ಲಾಸ್ಕ್ ಕಾಫಿ ತೆಗೆದುಕೊಂಡು ಹೋಗಿ, ಕೂತು, ಪಾತ್ರೆ ತೊಳೆದು ಬನ್ನಿ. ದೇವರ ಚಿತ್ತವೇನೆಂದು ವಿವರಿಸಬೇಡಿ.

ಕೆಲವು ಕಷ್ಟಗಳು ನಮ್ಮ ಕೈಮೀರಿದವು, ಅವುಗಳನ್ನು ಪ್ರಾರ್ಥನೆಯೊಂದರಿಂದಲೇ ಪರಿಹರಿಸಲು ಹೊರಡುವುದು ಅಪಾಯ. ಬದುಕು ಸಾಕೆಂದು ಮಾತನಾಡುವವರನ್ನು ಒಂಟಿಯಾಗಿ ಬಿಡಬೇಡಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರ ಜೊತೆಯಲ್ಲೇ ಕೂತು ಕರೆ ಮಾಡಿ. ಹಿರಿಯರಿಗೆ 14567, ಮಕ್ಕಳಿಗೆ 1098, ಹೆಂಗಸರಿಗೆ 181, ಜೀವಕ್ಕೆ ಅಪಾಯವಿದ್ದಾಗ 112. ಗಂಡನಿಂದ ಏಟು ತಿನ್ನುವ ಹೆಣ್ಣುಮಗಳಿಗೆ ಸಹಿಸಿಕೋ, ಕ್ಷಮಿಸು ಎಂದು ಬುದ್ಧಿ ಹೇಳುವುದು ಕನಿಕರವಲ್ಲ. ಸಭಾಪಾಲಕರು ಹಾಗೆ ಹೇಳಿದರೂ ಅದು ತಪ್ಪೇ. ಅವಳನ್ನು ಮೊದಲು ಸುರಕ್ಷಿತ ಜಾಗಕ್ಕೆ ತಲುಪಿಸಬೇಕು. ನೀವು ಕೇಳಿದ ಯಾವ ಮಾತೂ ನಿಮ್ಮ ಮನೆಯ ಊಟದ ಮೇಜಿಗೆ ಬರಬಾರದು, 'ಪ್ರಾರ್ಥನಾ ವಿಷಯ' ಎಂಬ ಹೆಸರಿನಲ್ಲಿ ವಾಟ್ಸಾಪ್ ಗುಂಪಿಗಂತೂ ಹೋಗಲೇಬಾರದು.

ಎಂಟನೆಯ ಹೆಜ್ಜೆ: ನೆರವಿಗೆ ಷರತ್ತು ಕಟ್ಟದಿರುವುದು

ಇದನ್ನು ನಾವು ನಮ್ಮೊಳಗೇ ಪ್ರಾಮಾಣಿಕವಾಗಿ ಮಾತನಾಡಿಕೊಳ್ಳಬೇಕು. ದಿನಸಿ ಚೀಲದೊಳಗೆ ಕರಪತ್ರ ಇಡಬೇಡಿ, ಶುಲ್ಕ ಕಟ್ಟಿದ ಮನೆಯವರನ್ನು ಆ ಭಾನುವಾರ ಆರಾಧನೆಗೆ ಕರೆಯಬೇಡಿ. ನಿಮ್ಮ ನಂಬಿಕೆಯನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಏಕೆ ಹೀಗೆ ಮಾಡುತ್ತೀರೆಂದು ಅವರಾಗಿ ಕೇಳಿದರೆ ಸಂತೋಷದಿಂದ ಹೇಳಿ, ಪ್ರಾರ್ಥಿಸಲೇ ಎಂದು ಅನುಮತಿ ಕೇಳಿ, ಬೇಡವೆಂದರೆ ನಿಮ್ಮ ಮನೆಗೆ ಬಂದು ಪ್ರಾರ್ಥಿಸಿ. ಲೂಕನ 17ನೇ ಅಧ್ಯಾಯದಲ್ಲಿ ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದನು, ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದನು, ಆದರೆ ಅವರ ಗುಣವನ್ನು ಹಿಂತೆಗೆದುಕೊಳ್ಳಲಿಲ್ಲ.

ಹಂಗನ್ನು ಇಳಿಸಲು ನನಗೆ ತಿಳಿದ ಅತ್ಯುತ್ತಮ ದಾರಿಯೆಂದರೆ ನಾವೂ ಅವರಿಂದ ಪಡೆಯುವುದು. ಸಮಾರ್ಯದ ಬಾವಿಯ ಬಳಿ ಯೇಸು ಅಲ್ಲಿನ ಹೆಂಗಸಿನೊಡನೆ ಮೊದಲು ಮಾತನಾಡಿದ್ದು ಕುಡಿಯಲು ನೀರು ಕೇಳುವುದಕ್ಕಾಗಿ. ಸಂಕ್ರಾಂತಿಯ ಎಳ್ಳು ಬೆಲ್ಲವನ್ನು ಎರಡೂ ಕೈಯೊಡ್ಡಿ ತೆಗೆದುಕೊಳ್ಳಿ, ರಂಜಾನಿನ ಊಟಕ್ಕೆ ಕರೆದರೆ ಹೋಗಿ, ಊರಿಗೆ ಹೋಗುವಾಗ ತುಳಸಿ, ದಾಸವಾಳದ ಕುಂಡಗಳಿಗೆ ನೀರು ಹಾಕಿ ಎಂದು ಅವರಿಗೇ ಬೀಗದ ಕೈ ಕೊಡಿ. ನನ್ನನ್ನು ತಪ್ಪಿಸಿ ತಿರುಗುತ್ತಿದ್ದ ಆ ತಾಯಿ ಮತ್ತೆ ಮಾತನಾಡಿದ್ದು, ನನ್ನ ಹೆಂಡತಿ ಅವರ ಮನೆಗೆ ಹೋಗಿ ಮುದ್ದೆ ಗಂಟಾಗದಂತೆ ತಿರುವುವುದನ್ನು ಹೇಳಿಕೊಡಿ ಎಂದು ಕೇಳಿದ ಮೇಲೆ.

ಒಂಬತ್ತನೆಯ ಹೆಜ್ಜೆ: ಸಭೆಯಾಗಿ ಮಾಡುವಾಗ

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ, ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಯೆರೂಸಲೇಮಿನ ಸಭೆಯವರು ಏಳು ಮಂದಿಯನ್ನು ಆರಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಕಡೆಗಣಿಸಲ್ಪಟ್ಟವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತೆ ಇದು ಕಾಣುತ್ತದೆ. ಕನ್ನಡ, ತಮಿಳು, ತೆಲುಗು, ಕೊಂಕಣಿ ಮಾತನಾಡುವವರು ಒಂದೇ ಆವರಣದಲ್ಲಿ ಆರಾಧಿಸುವ ಬೆಂಗಳೂರಿನ ಸಭೆಗಳಿಗೆ ಇದಕ್ಕಿಂತ ಉಪಯುಕ್ತವಾದ ಆಡಳಿತದ ಪಾಠ ಸಿಗಲಾರದು: ಸಮಿತಿಯಲ್ಲಿ ಬಾಡಿಗೆ ಮನೆಯವರು, ಮನೆಗೆಲಸದವರು, ವಿಧವೆಯರು ಇರಲಿ. ಹಣದ ಲೆಕ್ಕವನ್ನು ಇಬ್ಬರು ನೋಡಿಕೊಳ್ಳಲಿ. ಬರೆದಿಡುವ ಪುಸ್ತಕದಲ್ಲಿ ಮೊತ್ತ, ದಿನಾಂಕಗಳಿರಲಿ. ಪಡೆದವರ ಹೆಸರು ಆ ಇಬ್ಬರಿಗೆ ಮಾತ್ರ ತಿಳಿದಿರಲಿ.

ಹತ್ತನೆಯ ಹೆಜ್ಜೆ: ಮರಳಿ ಹೋಗುವುದು

ಸಮಾರ್ಯದವನು ಛತ್ರದಿಂದ ಹೊರಡುವಾಗ, ಇದಕ್ಕಿಂತ ಹೆಚ್ಚೇನಾದರೂ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದನು. ತಿರುಗಿ ಬರುವ ಮಾತನ್ನು ನಾವು ಓದುವಾಗ ದಾಟಿಬಿಡುತ್ತೇವೆ, ಮಾಡುವಾಗಲೂ ದಾಟಿಬಿಡುತ್ತೇವೆ. ಮೊದಲ ಭೇಟಿಯ ದಿನವೇ ಕ್ಯಾಲೆಂಡರಿನಲ್ಲಿ ಮೂರನೆಯ ದಿನ, ಹತ್ತನೆಯ ದಿನ ಮತ್ತು ಒಂದು ತಿಂಗಳ ನಂತರದ ದಿನಕ್ಕೆ ಗುರುತು ಹಾಕಿ. ಮೂರನೆಯ ದಿನ ಔಷಧಿ ಸರಿಹೋಯಿತೇ ಎಂದು ಕೇಳಿ, ಹತ್ತನೆಯ ದಿನ ಅರ್ಜಿ ಎಲ್ಲಿಗೆ ಬಂತೆಂದು ನೋಡಿ. ತಿಂಗಳಾದ ಮೇಲೆ ಹೋಗುವಾಗ ಕೈಯಲ್ಲಿ ಚೀಲ ಬೇಡ, ಬರಿಗೈಯಲ್ಲಿ ಹೋಗಿ. ಅವರು ಕೂರಲು ಹೇಳಿದರೆ ಕೂತು, ಕಾಫಿ ಕೊಟ್ಟರೆ ಬೇಡವೆನ್ನದೆ ಕುಡಿದು, ಇನ್ನೊಂದು ಲೋಟ ಹಾಕಲೇ ಎಂದರೆ ಅದನ್ನೂ ತೆಗೆದುಕೊಂಡು, ಅವರಿಗೆ ಹೇಳಬೇಕೆನಿಸಿದ್ದನ್ನೆಲ್ಲ ಕೇಳಿಸಿಕೊಂಡು ಬನ್ನಿ.